ಶಿರಾಡಿ ಘಾಟ್‌ನಲ್ಲಿ ಸಿಕ್ಕಿದ ಲಾರಿ ಅಣ್ಣಂಗೆ ಥ್ಯಾಂಕ್ಸ್

ಹೆಸ್ರೂ ಹೇಳ್ದೆ ಹೊರಟೋದ್ರಿ ಅಣ್ಣ, ಅದಕ್ಕೇ ಇಲ್ಲಿ ಬರೀತಿದೀನಿ. ಗುಂಡ್ಯ ದಾಟಿ ಏರು ಶುರುವಾಗ್ತಿದ್ದಂಗೆ ನಮ್ಮ ಹಳೇ ಡೀಸೆಲ್ ಕಾರಿನ ಟೆಂಪರೇಚರ್ ಮುಳ್ಳು ಕೆಂಪಿನ ಹತ್ರ ಹೋದಾಗ ನೀವು ಲಾರಿ ಸೈಡಿಗೆ ಹಾಕಿ ಬಂದು, ಬಿಸಿ ಇರೋವಾಗ ರೇಡಿಯೇಟರ್ ಕ್ಯಾಪ್ ಮುಟ್ಲೇಬೇಡಿ ಅಂದು, ಟಾರ್ಚ್ ಹಿಡಿದು ಮುಂದ್ಗಡೆ ಇರೋ ಎಸಿ ಜಾಲರಿ ಅಂದ್ರೆ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಗಟ್ಟಿಯಾಗಿ ಕೂತಿದ್ದ ಧೂಳು, ಹುಳ, ಒಣಗಿದ ಎಲೆ ತೋರಿಸಿದ್ರಲ್ಲ, ಗ್ಯಾರೇಜ್‌ನೋರು ಮುಂಚೆ ಥರ್ಮೋಸ್ಟಾಟ್ (ಇಂಜಿನ್ ನೀರಿನ ಹರಿವು ತೆರೆದು ಮುಚ್ಚೋ ವಾಲ್ವ್) ಬದಲಾಯಿಸಿದ್ರೇ ಹೊರತು ಅಲ್ಲಿ ಇಣುಕಿ ನೋಡಿರ್ಲಿಲ್ಲ. ಎಸಿ ಆಫ್ ಮಾಡಿ ಹೀಟರ್ ಫುಲ್ ಇಡಿ, ಇಂಜಿನ್ ಬಿಸಿ ಒಳಕ್ಕೆ ಬರುತ್ತೆ ಅಂದಾಗ ನನ್ನ ಹೆಂಡ್ತಿ ನಿಮ್ಮನ್ನ ನೋಡಿದ ನೋಟಕ್ಕೆ ಕ್ಷಮೆ ಇರ್ಲಿ 😀 ಬೆವರಿಳಿಸ್ಕೊಂಡೇ ಸಕಲೇಶಪುರ ಸೇರಿದ್ವಿ, ಮುಳ್ಳು ಮತ್ತೆ ಏರ್ಲಿಲ್ಲ. ಈಗ ರೇಡಿಯೇಟರ್ ಬಿಚ್ಚಿಸಿ ತೊಳೆಸಿ, ಬರೀ ನೀರಿನ ಬದ್ಲು ಅರ್ಧಕ್ಕರ್ಧ ಕೂಲೆಂಟ್ ಹಾಕ್ಸಿದೀನಿ. ಅವತ್ತು ಟೀ ದುಡ್ಡೂ ತಗೊಳ್ಲಿಲ್ಲ ನೀವು, ಮತ್ತೆ ಸಿಕ್ರೆ ಊಟ ನನ್ನದೇ.