ಶನಿವಾರದ ಫರ್ನಾಸ್ ಸುತ್ತಾಟ: ಎಲ್ಲರೂ ಓದಿ

ಶನಿವಾರ ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಸಮೂಹದ ಸಾವೊ ಮಿಗೆಲ್ ದ್ವೀಪದ ಫರ್ನಾಸ್‌ಗೆ ಹೊರಡುತ್ತೇವೆ. ಬೆಳಗ್ಗೆ 9ಕ್ಕೆ ಹೋಟೆಲ್ ಬಾಗಿಲಲ್ಲಿ ಇರಿ.

ಮೊದಲು ಫರ್ನಾಸ್ ಕೆರೆಯ ದಡ. ಅಲ್ಲಿ ಜ್ವಾಲಾಮುಖಿಯ ಶಾಖದಿಂದ ಕಾದ ನೆಲದ ಗುಂಡಿಗೆ ಪಾತ್ರೆ ಇಳಿಸಿ, ಮೇಲೆ ಮಣ್ಣು ಎಳೆದು ಐದಾರು ಗಂಟೆ ಬೇಯಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮಣ್ಣು ಸರಿಸಿ ಪಾತ್ರೆ ಎತ್ತುತ್ತಾರೆ. ಅದನ್ನು ತಪ್ಪಿಸಿಕೊಳ್ಳಬೇಡಿ. ಆ ಅಡುಗೆಯಲ್ಲಿ ದನ, ಹಂದಿ, ಕೋಳಿ ಎಲ್ಲವೂ ಒಟ್ಟಿಗೇ ಬೇಯುತ್ತವೆ. ಸಸ್ಯಾಹಾರಿಗಳಿಗೆ ಊರೊಳಗೆ ಬುಗ್ಗೆಯ ನೀರಲ್ಲೇ ಬೇಯಿಸಿದ ಮೆಕ್ಕೆಜೋಳ ಸಿಗುತ್ತದೆ. ಆದರೂ ಬುತ್ತಿ ತಂದರೆ ಒಳ್ಳೆಯದು. ಗಂಧಕದ ವಾಸನೆ ಜಾಸ್ತಿ ಇರುತ್ತೆ, ಮಕ್ಕಳು ಮೂಗು ಮುಚ್ಚಿಕೊಳ್ಳುವುದು ಖಂಡಿತ. ಬೇಲಿ ದಾಟಿ ಯಾರೂ ಹೋಗಬಾರದು. ನೀರು ಕೊತಕೊತ ಕುದಿಯುತ್ತಿರುತ್ತದೆ.

ತೆರಾ ನೊಸ್ತ್ರ ಉದ್ಯಾನದ ಬಿಸಿನೀರ ಕೊಳದಲ್ಲಿ ಇಳಿಯುವವರು ಹಳೆಯ, ಗಾಢ ಬಣ್ಣದ ಈಜುಡುಗೆ ತನ್ನಿ. ನೀರಲ್ಲಿ ಕಬ್ಬಿಣದ ಅಂಶವಿದೆ, ಬಿಳಿ ಬಟ್ಟೆಗೆ ಕಂದು ಕಲೆ ಹಿಡಿದರೆ ಹೋಗಲ್ಲ. ಬೆಳ್ಳಿ ಒಡವೆ ಕೋಣೆಯಲ್ಲೇ ಬಿಡಿ.

ವಾಪಸ್ಸು ಬರುವಾಗ 1883ರ ಗೊರ್ರೆಯಾನ ಚಹಾ ತೋಟ. ಯುರೋಪಿನಲ್ಲಿ ಚಹಾ ತೋಟ ಅಂದ್ರೆ ಅಪರೂಪ ಅಲ್ವಾ? ನಮ್ಮವರು ಹಾಲು ಕೇಳುತ್ತಾರೆ, ಗೊತ್ತು. ಅಲ್ಲಿ ಹಾಲಿಲ್ಲದೆ ಒಮ್ಮೆ ಕುಡಿದು ನೋಡಿ.

ಜ್ವಾಲಾಮುಖಿ ಕುಳಿಯಲ್ಲಿ ಕೆರೆಗಳಿರುವ ಸೆತೆ ಸಿದಾದೆಸ್ ಭಾನುವಾರಕ್ಕೆ. ಮೋಡ ಕವಿದರೆ ಕೆರೆ ಕಾಣುವುದೇ ಇಲ್ಲ, ಹಾಗಾಗಿ ಹೊರಡುವ ಸಮಯ ಆ ದಿನ ಬೆಳಗ್ಗೆಯೇ ಹಾಕುತ್ತೇನೆ. ಬರುವವರು ಇಲ್ಲೇ ಹೆಸರು ಹಾಕಿ.