ಊರಿಗೆ ಹೇಗೆ ಬರಲಿ ಅಂತ ಕೇಳಿದ್ದೀಯಲ್ಲ

ತುಮಕೂರು

ಪ್ರೀತಿಯ ಪುಟ್ಟಿಗೆ,

ಕಬಡ್ಡಿ ಅಂಪೈರ್ ಪರೀಕ್ಷೆ ಪಾಸಾದೆ ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ನಮ್ಮೂರ ಟೀಮಿನ ವಿರುದ್ಧ ಪಾಯಿಂಟ್ ಕೊಟ್ಟರೆ ಆಮೇಲೆ ಊರಿಗೆ ಹೇಗೆ ಬರಲಿ ಅತ್ತೆ?" ಅಂತ. ಅದನ್ನು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ.

ಯಾರೂ ಏನೂ ಅಂದುಕೊಳ್ಳಲ್ಲ ಅಂತ ನಾನು ಬರೆಯಲಾರೆ. ಅಂದುಕೊಳ್ಳುತ್ತಾರೆ. ಗುಬ್ಬಿ ಕಡೆ ಒಂದು ರಾತ್ರಿ ಪಂದ್ಯದಲ್ಲಿ ಅಂಪೈರ್ ಆಗಿದ್ದ ನಿಮ್ಮ ಮಾವ ನಮ್ಮ ಹುಡುಗನಿಗೆ ಬೋನಸ್, ಅಂದರೆ ಎದುರು ಅಂಕಣದ ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಪಾಯಿಂಟ್, ಕೊಡಲಿಲ್ಲ. ಎದುರು ಅಂಕಣದಲ್ಲಿ ಐದೇ ಜನ ಇದ್ದರು. ಆರು ಜನ ಇಲ್ಲದೆ ಬೋನಸ್ ಎಲ್ಲಿಂದ ಬರುತ್ತೆ? ಆದರೆ ಕೂಗುವವರು ತಲೆ ಎಣಿಸುತ್ತಾರಾ? ನಮ್ಮ ಬೀದಿಯ ಒಂದು ಮನೆಯವರು ಎಷ್ಟೋ ದಿನ ಮಾತಾಡಿಸಲಿಲ್ಲ. ಇವರು ಮಾತ್ರ ಎದುರು ಸಿಕ್ಕಾಗ "ಊಟ ಆಯ್ತಾ" ಅಂತ ಕೇಳುವುದನ್ನು ಬಿಡಲಿಲ್ಲ. ಮುಂದಿನ ಪಂದ್ಯಕ್ಕೂ ವಿಶಲ್ ಜೇಬಿಗೆ ಹಾಕಿಕೊಂಡು ಹೋದರು.

ಅಷ್ಟು ಜನರ ಕೂಗಿನ ನಡುವೆ ನಿಲ್ಲುವಾಗ ಏನನ್ನಿಸುತ್ತೆ ಅಂತ ನಾನು ಒಂದು ಸಲವೂ ಅವರನ್ನು ಕೇಳಲಿಲ್ಲ. ಕೇಳಿಟ್ಟುಕೊಂಡಿದ್ದರೆ ಇವತ್ತು ನಿನಗೆ ಅವರ ಮಾತನ್ನೇ ಬರೆಯಬಹುದಿತ್ತು. ನಿನ್ನ ಕಾಗದ ಬಂದಾಗಿನಿಂದ ಆ ಕೊರಗು ಜಾಸ್ತಿಯಾಗಿದೆ.

ಕಂಡಷ್ಟು ಹೇಳುತ್ತೇನೆ, ನಿನಗೆ ಗೊತ್ತಿದ್ದರೆ ಬಿಡು. ಮಣ್ಣಿನ ಅಂಕಣದಲ್ಲಿ ಸುಣ್ಣದ ಗೆರೆ ಬೇಗ ಅಳಿಸಿಹೋಗುತ್ತೆ. ಬೋನಸ್ ಗೆರೆ, ಅಂಕಣದ ಪಕ್ಕದ ಪಟ್ಟಿಯ ಲಾಬಿ ಗೆರೆ ಕಾಣದಿದ್ದಾಗಲೇ ಜಗಳ ಹುಟ್ಟೋದು. ನಡುವಿನ 5 ನಿಮಿಷದ ಬಿಡುವಿನಲ್ಲಿ ಇವರು ಮತ್ತೆ ಗೆರೆ ಎಳೆಸುತ್ತಿದ್ದರು. ಟಿವಿಯ ಪ್ರೊ ಕಬಡ್ಡಿಯ ಹಾಗೆ ರಿವ್ಯೂ ನೋಡೋಕೆ ನಮ್ಮ ಜಾತ್ರೆ ಪಂದ್ಯದಲ್ಲಿ ಎಲ್ಲಿ ಆಗುತ್ತೆ? ಎದುರು ಅಂಕಣಕ್ಕೆ ನುಗ್ಗುವ ರೈಡರ್‌ಗೆ ಇರುವುದು 30 ಸೆಕೆಂಡ್. ಅವನು ನಡುಗೆರೆ ದಾಟುವ ಮುಂಚೆಯೇ ಎದುರು ಎಷ್ಟು ಜನ ಇದ್ದಾರೆ ಅಂತ ಎಣಿಸಿಬಿಡು. ಆಚೆ ಬದಿಯ ಅಂಪೈರ್‌ಗೂ ನಿನಗೂ ಹೊಂದದಿದ್ದರೆ ತೀರ್ಮಾನಕ್ಕೆ ರೆಫರಿ ಇದ್ದಾರೆ. ಎಲ್ಲವನ್ನೂ ಒಬ್ಬಳೇ ಹೊರಬೇಡ.

ಮತ್ತೆ ಊರಿನ ಮಾತಿಗೇ ಬರುತ್ತೇನೆ, ಅದೇ ತಲೆಯಲ್ಲಿ ಸುತ್ತುತ್ತಿದೆ. ಮೊದಮೊದಲು ನಮ್ಮೂರ ಪಂದ್ಯ ಬಂದರೆ ಬೇರೆಯವರನ್ನು ಹಾಕಿ ಅಂತ ಕೇಳು. ಹಾಗೆ ಕೇಳುವುದರಲ್ಲಿ ಏನೂ ಕಮ್ಮಿಯಾಗಲ್ಲ. ಒಪ್ಪದಿದ್ದರೆ ನಿಂತು ಆಡಿಸು, ಕಂಡಿದ್ದನ್ನೇ ಕೊಡು. ಯಾರಾದರೂ ಮುಖ ತಿರುಗಿಸಿದರೆ ರಾತ್ರಿಯೇ ಇಲ್ಲಿಗೆ ಬಂದುಬಿಡು. ಬೆಳಿಗ್ಗೆ ಇಬ್ಬರೂ ಬಸ್ ಹತ್ತಿ ಒಟ್ಟಿಗೇ ಊರಿಗೆ ಹೋಗೋಣ.

ನಿನ್ನ ಅತ್ತೆ