ರನ್‌ವೇ ಪಕ್ಕದ ಕಸದ ರಾಶಿ ತೆಗೆಸಿ, ಟೇಕಾಫ್ ಆಗೋ ವಿಮಾನಗಳಿಗೆ ಹಕ್ಕಿ ಬಡಿಯೋ ಅಪಾಯ ತಪ್ಪಿಸಿ ಅಂತ ಮನವಿ

ಇವರಿಗೆ,
ಆಯುಕ್ತರು ಮತ್ತು ಆರೋಗ್ಯಾಧಿಕಾರಿಗಳು, ನಗರಾಡಳಿತ ಕಚೇರಿ

ಇಂದ,
ವಿಮಾನ ನಿಲ್ದಾಣದ ಸುತ್ತಮುತ್ತಲ ನಿವಾಸಿಗಳು

ವಿಷಯ: ರನ್‌ವೇ ತುದಿ ಆಚೆ ಕಸ, ಮಾಂಸದ ತ್ಯಾಜ್ಯ ಸುರಿಯೋದನ್ನ ನಿಲ್ಲಿಸೋ ಬಗ್ಗೆ

ಮಾನ್ಯರೇ,

ರನ್‌ವೇ ಕಾಂಪೌಂಡ್ ಆಚೆ ಇರೋ ಖಾಲಿ ಜಾಗದಲ್ಲಿ ಕಸ ಸುರಿಯೋದು ಇನ್ನೂ ನಿಂತಿಲ್ಲ, ಮಾಂಸದಂಗಡಿ ವೇಸ್ಟ್ ಕೂಡ ರಾತ್ರಿ ಹೊತ್ತು ಅಲ್ಲೇ ಬಂದು ಬೀಳುತ್ತೆ, ಬೆಳಕು ಹರಿದ್ರೆ ಸಾಕು ಹದ್ದು ಕಾಗೆ ಎಲ್ಲಾ ಅಲ್ಲಿ ಮುತ್ಕೊಳ್ತವೆ, ಅದೇ ಹೊತ್ತಿಗೆ ವಿಮಾನಗಳೂ ಒಂದರ ಹಿಂದೊಂದು ನಮ್ಮ ತಲೆ ಮೇಲೇ ಏರ್ತಿರ್ತವೆ. ಗಬ್ಬು ವಾಸನೆ ಬಗ್ಗೆ ಮೊದ್ಲೇ ದೂರು ಕೊಟ್ಟಿದ್ವಿ. ಈಗ ಬರೀತಿರೋದು ಜೀವದ ವಿಷಯ.

ಅಷ್ಟು ದೊಡ್ಡ ವಿಮಾನಕ್ಕೆ ಒಂದು ಹಕ್ಕಿ ಏನ್ ಮಾಡುತ್ತೆ ಅಂತ ಕೇಳೋರು ತುಂಬ ಜನ ಇದ್ದಾರೆ, ಅವರಿಗೋಸ್ಕರ ಸ್ವಲ್ಪ ಬಿಡಿಸಿ ಹೇಳ್ತೀವಿ. ಟೇಕಾಫ್ ಟೈಮಲ್ಲಿ ಇಂಜಿನ್ ಹೆಚ್ಚುಕಮ್ಮಿ ಪೂರ್ತಿ ಶಕ್ತಿಯಲ್ಲಿ ತಿರುಗ್ತಿರುತ್ತೆ, ಮುಂದಿರೋ ಗಾಳಿನೆಲ್ಲ ಒಳಗೆ ಎಳ್ಕೊಳ್ತಿರುತ್ತೆ. ಅಷ್ಟು ವೇಗದಲ್ಲಿ ಹಕ್ಕಿ ಒಳಗೆ ಹೋದ್ರೆ ಫ್ಯಾನ್ ಬ್ಲೇಡ್ ಸೊಟ್ಟಗಾಗಬಹುದು, ಮುರೀಬಹುದು, ಗಾಳಿ ಹರಿವು ಕೆಟ್ಟು ಇಂಜಿನ್ ಶಕ್ತಿನೇ ಹೋಗಬಹುದು. ರನ್‌ವೇ ಮೇಲೆ ಒಂದು ವೇಗ ದಾಟಿದ ಮೇಲೆ, ಪೈಲಟ್‌ಗಳು ಅದನ್ನ ವಿ-ಒನ್ ಅಂತಾರೆ, ಬ್ರೇಕ್ ಹಾಕಿದ್ರೂ ಉಳಿದಿರೋ ರನ್‌ವೇಲಿ ನಿಲ್ಲೋ ಗ್ಯಾರಂಟಿ ಇಲ್ಲ, ಹಾಗಾಗಿ ಏರಲೇಬೇಕು. ಒಂದು ಇಂಜಿನ್ ಹೋದ್ರೂ ಏರೋ ಹಾಗೇ ಪ್ರಯಾಣಿಕರ ವಿಮಾನ ಕಟ್ಟಿರ್ತಾರೆ, ನಿಜ. ಭಯ ಇರೋದು ಗುಂಪಿನದು, ಎರಡೂ ಇಂಜಿನ್‌ಗೆ ಒಟ್ಟಿಗೆ ಹೊಕ್ಕರೆ ಕೈಲಿ ಎತ್ತರನೂ ಇರಲ್ಲ ಸಮಯನೂ ಇರಲ್ಲ, ಟ್ಯಾಂಕ್ ತುಂಬ ಇಂಧನ, ಕೆಳಗೆ ನಮ್ಮ ಮನೆಗಳು.

2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಆಗಿದ್ದು ಇದೇ, ಸುಮಾರು 2,800 ಅಡಿ ಎತ್ತರದಲ್ಲಿ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಇಂಜಿನ್ ಕೈಕೊಟ್ವು, ಪೈಲಟ್ ಹಡ್ಸನ್ ನದಿ ಮೇಲೆ ಇಳಿಸಿದ್ರಿಂದ 155 ಜನ ಉಳಿದ್ರು. ಎಲ್ಲಾ ಕಡೆ ನದಿ ಇರಲ್ಲ. ದೊಡ್ಡ ಹಕ್ಕಿನೇ ಆಗ್ಬೇಕು ಅಂತನೂ ಇಲ್ಲ, 1960ರಲ್ಲಿ ಬಾಸ್ಟನ್‌ನಲ್ಲಿ ಟೇಕಾಫ್ ಆದ ತಕ್ಷಣ ಸ್ಟಾರ್ಲಿಂಗ್ ಅನ್ನೋ ಪುಟ್ಟ ಹಕ್ಕಿಗಳ ಗುಂಪು ಇಂಜಿನ್‌ಗಳಿಗೆ ಹೊಕ್ಕು ವಿಮಾನ ಬಿತ್ತು, 72 ಜನರಲ್ಲಿ 62 ಜನ ಸತ್ರು. 1988ರಲ್ಲಿ ಇಥಿಯೋಪಿಯಾದ ಬಹಿರ್ ದಾರ್‌ನಲ್ಲಿ ಪಾರಿವಾಳಗಳು ಬಡಿದು 35 ಜನ ಹೋದ್ರು.

ದಯವಿಟ್ಟು ತಾವು ಮುಖ್ಯವಾಗಿ ಗಮನಿಸಬೇಕಾಗಿರೋದು 1973ರ ಘಟನೆ. ಅಮೆರಿಕದ ಅಟ್ಲಾಂಟಾ ಹತ್ರದ ಡಿಕಾಲ್ಬ್-ಪೀಚ್‌ಟ್ರೀ ವಿಮಾನ ನಿಲ್ದಾಣದಿಂದ ಎದ್ದ ಒಂದು ಸಣ್ಣ ಜೆಟ್‌ಗೆ ಹಕ್ಕಿಗಳು ಹೊಕ್ಕು ಅದರಲ್ಲಿದ್ದ 7 ಜನನೂ ತೀರಿಕೊಂಡ್ರು, ಆ ಹಕ್ಕಿಗಳನ್ನ ಸೆಳೀತಿದ್ದಿದ್ದು ಪಕ್ಕದಲ್ಲೇ ಇದ್ದ ಸ್ಥಳೀಯ ಆಡಳಿತದ ಕಸದ ಡಂಪ್. ಇಲ್ಲಿರೋ ಪರಿಸ್ಥಿತಿನೂ ಅದೇ ತಾನೆ?

ವಿಮಾನ ನಿಲ್ದಾಣದವರು ಪಟಾಕಿ ಸಿಡಿಸ್ತಾರೆ, ಸೈರನ್ ಹಾಕ್ತಾರೆ, ಹುಲ್ಲು ಕತ್ತರಿಸ್ತಾರೆ. ಆದ್ರೆ ಬೇಲಿ ಆಚೆ ದಿನಾ ಊಟ ಬಿದ್ದಿದ್ರೆ ಹಸಿದ ಹಕ್ಕಿ ಸದ್ದಿಗೆ ಒಗ್ಗಿಹೋಗುತ್ತೆ, ಓಡಿಸಿದ್ರೆ ಒಂದು ಸುತ್ತು ಹಾಕಿ ವಾಪಸ್ ಬರುತ್ತೆ, ಆ ಸುತ್ತು ಹಾಕೋದೇ ರನ್‌ವೇ ಮೇಲೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಲ್ದಾಣದ ಸುತ್ತ 13 ಕಿಲೋಮೀಟರ್ ತನಕ ಹಕ್ಕಿ ಸೆಳೆಯೋ ಜಾಗಗಳ ಮೇಲೆ ಕಣ್ಣಿಡಿ ಅನ್ನೋದು ಇದಕ್ಕೇ. ಬೇಲಿ ಆಚೆ ನಿಲ್ದಾಣದವರ ಕೈ ನಡಿಯಲ್ಲ, ಅಲ್ಲಿ ನಡಿಯೋದು ತಮ್ಮದು.

ಹಕ್ಕಿಗಳನ್ನ ಕೊಲ್ಲಿ ಅಂತ ನಾವು ಖಂಡಿತ ಕೇಳ್ತಿಲ್ಲ, ಅವುಗಳ ತಪ್ಪೇನೂ ಇಲ್ಲ, ಊಟ ಇದ್ರೆ ಇವು ಹೋದ್ರೂ ಬೇರೆವು ಬರ್ತವೆ. ಹಸಿ ಕಸ ಆ ಜಾಗಕ್ಕೆ ಹೋಗೋದು ಮೊದಲು ನಿಲ್ಲಲಿ, ಮಾಂಸದ ತ್ಯಾಜ್ಯ ಮುಚ್ಚಿದ ಗಾಡಿಯಲ್ಲಿ ಸಂಸ್ಕರಣೆಗೆ ಹೋಗ್ಲಿ, ರಾಶಿ ಪೂರ್ತಿ ಖಾಲಿ ಆಗೋ ತನಕ ದಿನಾ ಸಂಜೆ ಮೇಲೆ ಮಣ್ಣು ಹಾಕಿಸಿ. ಒಂದು ಎಚ್ಚರಿಕೆ ಮಾತ್ರ ಬೇಕು: ಹಳೇ ರಾಶಿ ಅಗೆಯೋಕೆ ಶುರು ಮಾಡಿದ್ರೆ ಒಳಗಿರೋದು ಮೇಲೆ ಬಂದು ಹಕ್ಕಿಗಳು ಇನ್ನೂ ಜಾಸ್ತಿ ಸೇರಬಹುದು, ಅದಕ್ಕೆ ನಿಲ್ದಾಣದವರ ಜೊತೆ ಮಾತಾಡಿ ವಿಮಾನ ಓಡಾಟ ಕಮ್ಮಿ ಇರೋ ಹೊತ್ತಲ್ಲೇ ಅಗೆಸಿ. ತೆಗೆದಿದ್ದನ್ನ ರನ್‌ವೇ ಇನ್ನೊಂದು ತುದಿಗೆ ಹಾಕಿಸಬೇಡಿ, ಆ ಕಡೆನೂ ವಿಮಾನ ಇಳೀತವೆ ಏರ್ತವೆ. ಚರಂಡಿ ಕಟ್ಕೊಂಡು ನಿಂತಿರೋ ನೀರನ್ನೂ ಹರಿಸಿ, ಬೆಳ್ಳಕ್ಕಿಗಳು ಬರೋದು ಅದಕ್ಕೇ.

ನಮ್ಮ ಕಡೆಯಿಂದ, ಮಹಡಿ ಮೇಲೆ ಪಾರಿವಾಳಕ್ಕೆ ಕಾಳು ಹಾಕೋದನ್ನ ನಿಲ್ಲಿಸೋಕೆ ಮನೆಮನೆಗೆ ಹೋಗಿ ಹೇಳ್ತೀವಿ, ರಾತ್ರಿ ಕಸ ಸುರಿಯೋ ಗಾಡಿ ಕಂಡ್ರೆ ನಂಬರ್ ಬರೆದು ತಮಗೆ ಕಳಿಸ್ತೀವಿ. ಸ್ಥಳ ಪರಿಶೀಲನೆಗೆ ನಿಲ್ದಾಣದ ಅಧಿಕಾರಿಗಳನ್ನೂ ಜೊತೆಗೆ ಕರ್ಕೊಂಡು ಬೆಳಗ್ಗೆ ಹೊತ್ತಲ್ಲೇ ಬನ್ನಿ, ದಿನಾಂಕ ತಿಳಿಸಿದ್ರೆ ನಾವೆಲ್ಲ ಅಲ್ಲಿರ್ತೀವಿ, ಕೆಲಸ ಯಾವತ್ತು ಶುರು ಅಂತ ಅಲ್ಲೇ ಲಿಖಿತವಾಗಿ ಹೇಳಬೇಕು ಅಂತ ಕೋರ್ತೀವಿ.

ಇಂತಿ ತಮ್ಮ ವಿಶ್ವಾಸಿಗಳು,
ವಿಮಾನ ನಿಲ್ದಾಣದ ಸುತ್ತಮುತ್ತಲ ನಿವಾಸಿಗಳು